ಯೂನ್-ಲಿಯ ಖಾಲಿ ಚೌಕ

ಪ್ರಿಂಟರು ಕರಕರನೆ ಕಕ್ಕುತ್ತಿದ್ದ ಸಾವಿನ ಸೂಚನೆಯ ಹಾಳೆಯನ್ನು, ಅದು ಮುಗಿಯುವ ಮೊದಲೇ ಫಾನ್ ಯಿಂಗ್ ಎಳೆದುಕೊಂಡ. ಸತ್ತ ಹೆಂಡತಿಯ ಹೆಸರಿನ ನಡುವೆ ಒಂದು ಖಾಲಿ ಚೌಕ. ಕೆಳಗೆ ಅವನ ಹೆಸರು ಮಾತ್ರ ಒಂದು ಗೆರೆಯೂ ತಪ್ಪದೆ ನಿಂತಿತ್ತು.

"ಇದೇನಯ್ಯಾ, ಆ-ಶ್ವೇ?"

"ಅತ್ತೆ ಹೆಸರಿನ 'ಯೂನ್' ಅನ್ನೋ ಅಕ್ಷರವೇ ಈ ಮಿಷಿನ್ನಲ್ಲಿ ಇಲ್ಲ ಮಾಮ. ಕುಂಚದಲ್ಲಿ ಬರೆದುಬಿಡ್ತೀನಿ," ಅಂದ ಶವಸಂಸ್ಕಾರದ ಅಂಗಡಿಯವನು.

"ಬೇಡ. ಸಂಬಳದ ಚೀಟಿ, ಬ್ಯಾಂಕ್ ಪುಸ್ತಕ, ಎಲ್ಲಾ ಕಡೆ ಹಿಂಗೇ ಆಮೇಲೆ ಕೈಯಲ್ಲಿ ತುರುಕಿದ್ರು. ಇವತ್ತೊಂದಿನ ಎಲ್ಲರ ಹಾಗೆ ಬರಲಿ."

"ಎಲ್ಲಿಂದ ತರಲಿ ಹೇಳಿ? ಇದರಲ್ಲಿರೋದೆಲ್ಲ ಅತ್ತೆ ಕಂಪನಿಯವರೇ ಮಾಡಿದ ಅಕ್ಷರ!"

ಅಂಗಳದಲ್ಲಿ ಹೆಂಗಸರು ಸತ್ತವಳ ಹೆಸರಲ್ಲಿ ಸುಡುವುದಕ್ಕೆಂದು ಹಳದಿ ಕಾಗದದ ತಾವರೆ ಮಡಚುತ್ತಿದ್ದರು. ಯೂನ್-ಲಿಯ ಜೊತೆ ಕೆಲಸ ಮಾಡಿದ್ದ ಮೇ-ಚ್ಯೂ ತಲೆಯೆತ್ತದೆ ಹೇಳಿದಳು: "ಅವಳೇ ಮಾಡಿಕೊಂಡಿದ್ದು ಬಿಡಿ ಭಾವ."

*

ಎಷ್ಟೋ ವರ್ಷಗಳ ಹಿಂದೆ, ಕಂಪ್ಯೂಟರಿಗೆ ಒಂದೊಂದೇ ಚೀನೀ ಅಕ್ಷರ ಮಾಡಿಕೊಡುತ್ತಿದ್ದ ತೈಪೆಯ ಆ ಕಂಪನಿಯ ಮಹಡಿಯಲ್ಲಿ ಒಬ್ಬಳು ಸಾಲು ಕೂಗುವುದು, ಇನ್ನೊಬ್ಬಳು ಚೌಕದ ಹಾಳೆಯಲ್ಲಿ ಮಸಿ ತುಂಬುವುದು: "ತುಂಬು, ತುಂಬು, ಖಾಲಿ." ಸಾವಿರಾರು ಅಕ್ಷರ ಹಾಗೇ ಹುಟ್ಟಿದವು. ಕೊನೆಗೆ ಡಿಸ್ಕಿನಲ್ಲಿ ಒಂದೇ ಒಂದು ಅಕ್ಷರಕ್ಕೆ ಜಾಗ ಉಳಿಯಿತು.

"ನಿನ್ನ ಹೆಸರಿಂದೇ ಹಾಕ್ಕೋ ಮಾರಾಯ್ತಿ," ಅಂದಿದ್ದಳು ಮೇ-ಚ್ಯೂ.

ಯೂನ್-ಲಿ ಹಾಕಿದ್ದು ಬೇರೆ ಅಕ್ಷರ: 'ಯಿಂಗ್'. ಸಾಹೇಬರು ಕೂಗಾಡಿದರು: "ಊಟದ ಡಬ್ಬಿ ತರೋವನ ಹೆಸರಿಗೆ ಜಾಗ ಕೊಟ್ಟೆಯಾ?"

"ನನ್ನ ಹೆಸರು ಯಾರ ಹೊಟ್ಟೆ ತುಂಬಿಸುತ್ತೆ, ಸಾರ್? ಅವರು ಊಟ ತರ್ತಾರೆ."

ಮಹಡಿಯೆಲ್ಲ ನಕ್ಕಿತು. ಡಬ್ಬಿ ಹೊತ್ತು ಆಗತಾನೆ ಮೆಟ್ಟಿಲು ಹತ್ತಿ ಬಂದ ಹುಡುಗನಿಗೆ ಯಾಕೆಂದೇ ತಿಳಿಯಲಿಲ್ಲ.

*

"ನನಗೆ ಒಂದು ಮಾತು ಹೇಳ್ಲಿಲ್ಲ," ಅಂದ ಫಾನ್ ಯಿಂಗ್. "ಹೇಳಿದ್ದಿದ್ರೆ ನನ್ನದನ್ನ ತೆಗೆಸಿ ಅವಳದನ್ನ ಹಾಕಿಸ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ. ಅಳ್ತಾ ಕೂತ್ಕೋಬೇಡಿ, ಏಳಿ. ಸೀಮೆಸುಣ್ಣ ಇದೆಯಾ?"

ಮೇ-ಚ್ಯೂ ಸಿಮೆಂಟಿನ ಅಂಗಳದ ತುಂಬ ಅಡ್ಡ, ಉದ್ದ ಗೆರೆ ಎಳೆದಳು. ತಾವರೆಗಳ ಬುಟ್ಟಿಯನ್ನು ಅವನ ಕೈಗೆ ತಳ್ಳಿದಳು. "ತುಂಬು ಅಂದ್ರೆ ಒಂದು ತಾವರೆ ಇಡಿ. ಖಾಲಿ ಅಂದ್ರೆ ಬಿಡಿ."

"ತುಂಬು. ತುಂಬು. ಖಾಲಿ... ಅಯ್ಯೋ ಭಾವ, ಖಾಲಿ ಅಂದೆ! ನಿಮ್ಮನ್ನ ಕಟ್ಕೊಂಡು ಅವಳು ಹೆಂಗೆ ಬಾಳಿದಳೋ!"

ಶವಪೆಟ್ಟಿಗೆ ಹೊರುವವರು ಸಿಗರೇಟು ಆರಿಸಿ ಕಾದರು. ಕುರ್ಚಿ ಹತ್ತಿ ನೋಡಿದ ಆ-ಶ್ವೇ ಮೆಲ್ಲಗೆ, "ಬಂತು ಮಾಮ," ಅಂದ. ಅಂಗಳದ ಅಗಲಕ್ಕೂ ಯೂನ್, ಹಳದಿ ಚುಕ್ಕಿಗಳಲ್ಲಿ.

ಹಾಳೆಯ ಮೇಲಿನ ಆ ಚೌಕ ಹಾಗೇ ಉಳಿಯಿತು. ಫಾನ್ ಯಿಂಗ್ ತಾವರೆಗಳ ಮೇಲಿನ ಸಾಲಿಗೆ ಕಡ್ಡಿ ಗೀರಿದ. ಅವಳ ಹಳೆಯ ಕಂಪ್ಯೂಟರ್ ಪರದೆಯ ಮೇಲೆ ಅಕ್ಷರ ಮೂಡುತ್ತಿದ್ದ ಹಾಗೆಯೇ ಉರಿ ಸಾಲುಸಾಲಾಗಿ ಕೆಳಗಿಳಿಯಿತು. ಕೊನೆಯ ಸಾಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವನು ಒಂದೊಂದೇ ಹೂವಿನತ್ತ ಬೆರಳು ತೋರಿಸುತ್ತಿದ್ದ: "ತುಂಬು... ತುಂಬು... ಖಾಲಿ."