ಅಪ್ಪ ಸತ್ತ ಪುಸ್ತಕ

ಬದುಕಿರುವ ಅಪ್ಪನನ್ನು ಪುಸ್ತಕದಲ್ಲಿ ಸಾಯಿಸಿ, ಅದಕ್ಕೆ ಬಹುಮಾನವನ್ನೂ ಹೊಡೆದುಕೊಂಡ ಅಣ್ಣನ ಮೇಲೆ ಟೈಲರಕ್ಕನಿಗೆ ಎಂಥ ಸಿಟ್ಟಿತ್ತೆಂದರೆ, ಕತೆಯ ಸಾರಾಂಶದ ಸಮೇತ ಆ ಸುದ್ದಿ ಪೇಪರಿನಲ್ಲಿ ಬಂದ ದಿನ ಒಂದೇ ಕಾಲರನ್ನು ಎರಡು ಸಲ ಉಲ್ಟಾ ಹೊಲಿದು ಎರಡು ಸಲವೂ ಬಿಚ್ಚಿದಳು. ಬೀದಿಯವರೆಲ್ಲ ಅವಳನ್ನು ಕರೆಯುವುದೇ ಟೈಲರಕ್ಕ ಎಂದು. ಮನೆಯ ಮುಂದಿನ ಕೋಣೆಯೇ ಅಂಗಡಿ: ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಬಾಗಿಲ ಪಕ್ಕ ಕೈಯಿರುವ ಕುರ್ಚಿ, ಕುರ್ಚಿಯಲ್ಲಿ ಅಪ್ಪ. ಜೀವಮಾನವೆಲ್ಲ ಬಸ್ಸು ಓಡಿಸಿದ ಅಪ್ಪನಿಗೆ ಲಕ್ವ ಹೊಡೆದು ಎಡಗೈ ಜೋತುಬಿದ್ದಿತ್ತು, ನಾಲಿಗೆ ತೊದಲುತ್ತಿತ್ತು, ಅಕ್ಷರಗಳು ಕಣ್ಣೆದುರು ಇರುವೆಗಳ ಹಾಗೆ ಹರಿದಾಡುತ್ತಿದ್ದವು. ಬುದ್ಧಿಗೆ ಮಾತ್ರ ಏನೂ ಆಗಿರಲಿಲ್ಲ. ಅದಕ್ಕೂ ಸ್ವಲ್ಪ ಮಂಕು ಹಿಡಿದಿದ್ದರೆ ನನಗಾದರೂ ನೆಮ್ಮದಿಯಿರುತ್ತಿತ್ತು ಎಂದು ಬೇಸರ ಬಂದಾಗ ಅವಳು ಅಂದುಕೊಳ್ಳುವುದಿತ್ತು, ಕೂಡಲೇ ನಾಲಿಗೆ ಕಚ್ಚಿಕೊಳ್ಳುವುದೂ ಇತ್ತು.

ಅಣ್ಣ ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುವವನು. ಮನುಷ್ಯ ಸ್ವಭಾವ, ಬದುಕಿನ ಬವಣೆ ಎಂಬ ಎರಡು ಮಾತಿಲ್ಲದೆ ಒಂದು ಲೋಟ ನೀರೂ ಕೇಳುವವನಲ್ಲ. ಬವಣೆಯ ಮೇಲೆ ಭಾಷಣ ಮಾಡಲು ಊರೂರು ತಿರುಗುತ್ತಿದ್ದ. ಬವಣೆ ಕಾಲು ಚಾಚಿ ಕೂತಿದ್ದ ಈ ಮನೆಗೆ ಮಾತ್ರ ಎರಡು ವರ್ಷದಿಂದ ತಲೆ ಹಾಕಿರಲಿಲ್ಲ. ಅವನ ಕಾದಂಬರಿಯಲ್ಲಿ ಲಕ್ವ ಹೊಡೆದ ಒಬ್ಬ ಬಸ್ ಡ್ರೈವರ್, ಹಗಲಿರುಳು ಅವನ ಸೇವೆ ಮಾಡುವ ಒಬ್ಬನೇ ಮಗ. ಮಗ ಗಂಜಿ ಕುಡಿಸುತ್ತಾನೆ, ಬೆನ್ನು ಒರೆಸುತ್ತಾನೆ, ಬೆಡ್‌ಪ್ಯಾನ್ ತೊಳೆಯುತ್ತಾನೆ. "ಬೆಡ್‌ಪ್ಯಾನ್ ಯಾವ ಬಣ್ಣದ್ದು ಅಂತ ಕೇಳಿ ನೋಡಿ ಅವನನ್ನ" ಎಂದು ಅವಳು ಹೊಲಿಗೆ ಯಂತ್ರಕ್ಕೇ ಹೇಳಿದ್ದಳು. ಕೊನೆಯಲ್ಲಿ ಅಪ್ಪ ಮಗನ ತೊಡೆಯ ಮೇಲೆ ತಲೆಯಿಟ್ಟು, ನಿನ್ನಂಥ ಮಗ ಯಾರಿಗೂ ಸಿಗುವುದಿಲ್ಲ ಎಂದು ಹೇಳಿ ಪ್ರಾಣ ಬಿಡುತ್ತಾನೆ.

ಫಜೀತಿ ಶುರುವಾದದ್ದು ಆ ಪುಸ್ತಕ ಅಂಚೆಯಲ್ಲಿ ಬಂದಾಗ. ಓದಿ ಹೇಳು ಎಂದು ಅಪ್ಪ ಹಟ ಹಿಡಿದ. ಸಂಜೆ ಯಂತ್ರ ನಿಲ್ಲಿಸಿ ಅವಳು ಒಂದಿಷ್ಟು ಓದುವಳು, ಅಪ್ಪ ಕಣ್ಣು ಮುಚ್ಚಿ ಕೇಳುವನು. ಕತೆಯಲ್ಲಿ ಬಸ್ಸು ತಿರುವಿಗೆ ಬಂದರೆ ಅಪ್ಪನ ಬಲಗಾಲು ನೆಲದ ಮೇಲೆ ಬ್ರೇಕ್ ಒತ್ತುತ್ತಿತ್ತು. ಮಗ ಬೆನ್ನು ಒರೆಸುವ ಕಡೆ ಮುಖ ಅರಳುತ್ತಿತ್ತು.

"ಮ... ಮನಸಲ್ಲಿ ಇಟ್ಕೊಂಡಿದಾನೆ ನೋಡು. ಬರ್ತಾನೆ."

ಆ ಒಂದು ಮಾತನ್ನು ನಂಬಿಕೊಂಡೇ ಅಪ್ಪ ಮಾತ್ರೆ ನುಂಗುತ್ತಿದ್ದ, ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಿದ್ದ. ಮಗ ತನ್ನನ್ನು ಸತ್ತವನೆಂದು ಬರೆದು ಕೈ ತೊಳೆದುಕೊಂಡಿದ್ದಾನೆ ಎಂದು ಗೊತ್ತಾದರೆ ಆ ನಾಲ್ಕು ಹೆಜ್ಜೆಯೂ ನಿಂತುಹೋಗುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಸಾಯುವ ಅಧ್ಯಾಯ ಹತ್ತಿರವಾದಾಗ, ಅಪ್ಪನಿಗೆ ಕೇಳದಿರಲಿ ಎಂದು ಅಡಿಗೆಮನೆಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದಳು.

"ಅಣ್ಣಾ, ಒಂದ್ಸಲ ಬಂದು ಮುಖ ತೋರಿಸಿ ಹೋಗೋ."

"ಹೇಗೆ ಬರ್ಲಿ ಹೇಳು? ಆ ಸಾವು ಬರೆಯುವಾಗ ನಾನೇ ಸತ್ತು ಬದುಕಿದೀನಿ. ನನ್ನ ಮಟ್ಟಿಗೆ ಅಪ್ಪನ್ನ ಕಳ್ಕೊಂಡಾಯ್ತು. ಮತ್ತೆ ಎದುರಿಗೆ ನಿಲ್ಲೋ ಶಕ್ತಿ ಇಲ್ಲ."

"ಕಳ್ಕೊಂಡ್ಯಾ? ಇಲ್ಲೇ ಕೂತಿದಾನಲ್ಲೋ, ಬಿಸ್ಕತ್ತು ತಿಂತಾ!"

"ನಿಂಗೆ ಅರ್ಥ ಆಗಲ್ಲ ಬಿಡು. ಇದು ಸೃಷ್ಟಿಯ ನೋವು."

"ನಂಗೂ ಇದೆ ಸೃಷ್ಟಿಯ ನೋವು. ನಾಳೆಗೆ ಒಂದು ರಾಶಿ ಯೂನಿಫಾರ್ಮ್ ಕೊಡ್ಬೇಕು" ಎಂದು ಫೋನ್ ಕುಕ್ಕಿದಳು.

ಆವತ್ತು ಸಂಜೆ ಸಾಯುವ ಪುಟ ಬಂದೇ ಬಂತು. ಅಪ್ಪ ಕಾಯುತ್ತಿದ್ದ. ಅವಳು ಪುಸ್ತಕ ನೋಡುತ್ತಾ ಬಾಯಿಗೆ ಬಂದದ್ದನ್ನು ಓದಿದಳು. ಪುಸ್ತಕದ ಅಪ್ಪ ಸಾಯಲಿಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜಿದ. ಮಾರನೇ ದಿನ ಇನ್ನೊಂದು ಅಧ್ಯಾಯ ಬೇಕಾಯಿತು, ಅದರ ಮಾರನೇ ದಿನ ಮತ್ತೊಂದು. ಸುಳ್ಳನ್ನು ಹೆರುವುದು ಸುಲಭ, ಸಾಕುವುದು ಕಷ್ಟ. ಬಟ್ಟೆಗೆ ಗುರುತು ಹಾಕುವಾಗಲೂ ಸಂಜೆಗೇನು ಹೇಳಲಿ ಎಂಬುದೇ ಚಿಂತೆ. ಅಣ್ಣ ಸೃಷ್ಟಿಸಿದ ಆ ಮಗನ ಕೈಯಲ್ಲಿ ಕೆಲಸ ಮಾಡಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು. ಗಂಜಿ ಕಾಯಿಸು ಎಂದರೆ ಕಿಟಕಿಯ ಹತ್ತಿರ ಹೋಗಿ ಆಕಾಶ ನೋಡುತ್ತಾನೆ. ಮಾತ್ರೆ ಕೊಡು ಎಂದರೆ ಬದುಕಿನ ಅರ್ಥ ಹುಡುಕುತ್ತಾನೆ. ಕತೆಯಲ್ಲೂ ಸೋಮಾರಿ! ಕೊನೆಗೆ ಅವಳು ಬೆಳಿಗ್ಗೆಯಿಂದ ತಾನು ಮಾಡಿದ್ದನ್ನೆಲ್ಲ ಸಂಜೆ ಅವನ ಕೈಯಲ್ಲಿ ಮಾಡಿಸತೊಡಗಿದಳು. ಒಂದು ದಿನ ಅವನು ಅಪ್ಪನ ಅಂಗಿಯ ಎಡತೋಳು ಬಿಚ್ಚಿ ಅಗಲ ಮಾಡಿದ. ಒಂದೇ ಕೈಯಲ್ಲಿ ಗುಂಡಿ ತೂರಿಸಲು ಬರಲಿ ಎಂದು ಕಾಜಾಗಳನ್ನು ಕತ್ತರಿಸಿ ದೊಡ್ಡದು ಮಾಡಿ, ಸುತ್ತ ದಾರ ಹೆಣೆದ. ಅಪ್ಪ ಅದನ್ನು ಕೇಳಿ "ಹ್ಞೂಂ" ಎಂದನಷ್ಟೆ. ಮರುದಿನ ಸಂಜೆ ಮತ್ತೆ ಓದು ಎಂದ.

ಹೀಗಿರುವಾಗ ಒಂದು ಮಧ್ಯಾಹ್ನ ಹಣ್ಣಿನ ಚೀಲ ಹಿಡಿದ ಹೆಂಗಸೊಬ್ಬರು ಬಾಗಿಲಿಗೆ ಬಂದರು. ನಿವೃತ್ತ ಟೀಚರಂತೆ. ಅಣ್ಣನ ಪುಸ್ತಕ ಓದಿ, ಅವರಿವರನ್ನು ಕೇಳಿ ಮನೆ ಹುಡುಕಿಕೊಂಡು ಬಂದಿದ್ದರು.

"ನೀವು ಅವರ ತಂಗಿಯಲ್ವಾ? ನಿಮ್ಮ ತಂದೆಯವರು ಹೋದದ್ದನ್ನ ಓದಿ ನನಗೆ ಎರಡು ದಿನ ಊಟ ಸೇರಲಿಲ್ಲಮ್ಮ. ಮಗನ ತೊಡೆ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ರಲ್ಲ..."

ಟೈಲರಕ್ಕನ ಕೈಯಿಂದ ಕತ್ತರಿ ಬಿತ್ತು. ಇಷ್ಟು ದಿನ ಹೆಣಗಾಡಿ ಮುಚ್ಚಿಟ್ಟದ್ದನ್ನು ಈ ಮಹಾತಾಯಿ ಒಂದೇ ಉಸಿರಿಗೆ ಅಪ್ಪನ ಎದುರೇ ಹೇಳಿ ಮುಗಿಸಿದ್ದರು. ಸಾಲದ್ದಕ್ಕೆ ಕುರ್ಚಿಯ ಕಡೆ ತಿರುಗಿ, "ಇವರು ಯಾರಮ್ಮ?" ಎಂದರು.

"ನಮ್ಮ ದೊಡ್ಡಪ್ಪ" ಎಂದುಬಿಟ್ಟಳು ಅವಳು. ತಾನು ಏನಂದೆ ಎಂಬುದು ಅಂದ ಮೇಲೆಯೇ ಅವಳಿಗೆ ತಿಳಿದದ್ದು.

ಅಪ್ಪ ಕಣ್ಣು ತೆರೆದ. ಬಂದವರನ್ನು ನೋಡಿದ, ಮಗಳನ್ನು ನೋಡಿದ.

"ಹೌದು, ಹೋದವನು ನನ್ನ ತ... ತಮ್ಮ" ಎಂದ. "ಪಾಪ, ಒಳ್ಳೆಯವನು. ಬಸ್ಸು ಚೆನ್ನಾಗಿ ಓಡಿಸ್ತಿದ್ದ."

"ಮಗನೂ ಅಷ್ಟೇ ಒಳ್ಳೆಯವರು ಬಿಡಿ. ಈ ಕಾಲದಲ್ಲಿ ಅಂಥ ಸೇವೆ ಯಾರು ಮಾಡ್ತಾರೆ?"

"ಹ್ಞೂಂ. ಪುಸ್ತಕದಲ್ಲಿ ತುಂಬ ಚೆನ್ನಾಗಿ ನೋಡ್ಕೊಂಡ."

ಆಕೆ ಕಣ್ಣೊರೆಸಿಕೊಂಡು, ಹಣ್ಣಿನ ಚೀಲ ಮೇಜಿನ ಮೇಲಿಟ್ಟು ಹೋದರು. ಟೈಲರಕ್ಕ ಕತ್ತರಿ ಎತ್ತಿಕೊಳ್ಳಲು ಬಗ್ಗಿದವಳು ಅಲ್ಲೇ ನೆಲದ ಮೇಲೆ ಕೂತಳು.

"ಅಪ್ಪಾ, ನಿಂಗೆ ಯಾವಾಗ ಗೊತ್ತಾಯ್ತು?"

"ಕಾಜಾ" ಎಂದ ಅಪ್ಪ. "ನಿಮ್ಮಣ್ಣಂಗೆ ತನ್ನ ಅಂಗಿ ಗುಂಡಿನೇ ನೆಟ್ಟಗೆ ಹಾಕ್ಕೊಳ್ಳೋಕೆ ಬರಲ್ಲ. ಕಾಜಾ ವಿಷಯ ಅವನಿಗೆಲ್ಲಿ ಹೊಳೀಬೇಕು? ಪುಟ ತಿ... ತಿರುಗೋ ಸದ್ದೂ ಇರ್ಲಿಲ್ಲ. ಅವನು ನನ್ನ ಸಾಯ್ಸಿದಾನೆ ಅಂದ್ಕೊಂಡೆ. ಇಲ್ದಿದ್ರೆ ನೀನ್ಯಾಕೆ ಕತೆ ಕಟ್ತಿದ್ದೆ?"

"ಗೊತ್ತಿದ್ದೂ ದಿನಾ ಓದು ಓದು ಅಂತ ಪ್ರಾಣ ತಿಂದ್ಯಲ್ಲಪ್ಪ! ನಾನಿಲ್ಲಿ ಹೊಲಿಗೆ ಬಿಟ್ಟು ತಲೆ ಕೆರ್ಕೊಂಡು ಸಾಯ್ತಿದೀನಿ, ಮಜಾ ನೋಡ್ತಿದ್ಯಾ?" ಸಿಟ್ಟು, ನಾಚಿಕೆ, ಅಳು ಎಲ್ಲ ಒಟ್ಟಿಗೆ ನುಗ್ಗಿ ಬಂದವು.

ಅಪ್ಪ ಸ್ವಲ್ಪ ಹೊತ್ತು ಬಾಯಿ ಹೊಂದಿಸಿಕೊಂಡ. "ಅವನು ಬರಲ್ಲ ಅಂತ ಗೊತ್ತಾದ ದಿನ, ಇನ್ನು ನಡೆದು ಏನಾಗ್ಬೇಕು ಅನ್ನಿಸ್ತು. ಆಮೇಲೆ ಸಂಜೆ ಆಯ್ತು. ಮುಂದೇನಾಗುತ್ತೆ ಕೇಳೋಣ ಅನ್ನಿಸ್ತು. ಹಂಗೇ ದಿನಾ."

ಅವಳು ಮೂಗೊರೆಸಿಕೊಂಡಳು.

"ಒಂದೇ ಬೇಜಾರು" ಎಂದ ಅಪ್ಪ. "ಅವನ ಪುಸ್ತಕದಲ್ಲಿ ಮಗಳೇ ಇಲ್ಲ. ಅವನು ಬಿಡು, ಅವನಿಷ್ಟೇ. ನೀ... ನೀನು ಹೇಳಿದ್ದರಲ್ಲೂ ಇಲ್ವಲ್ಲೇ."

ಅವಳಿಗೆ ಅದು ಹೊಳೆದೇ ಇರಲಿಲ್ಲ. ಗಂಜಿ, ಮಾತ್ರೆ, ಅಗಲ ಮಾಡಿದ ತೋಳು, ಎಲ್ಲವನ್ನೂ ಆ ಸೋಮಾರಿಯ ಕೈಗೆ ಕೊಟ್ಟಿದ್ದಳು. ಅವನ ಹೆಸರು ಕೆಡದಿರಲಿ ಎಂದು ತನ್ನನ್ನು ತಾನೇ ಮನೆಯಿಂದ ಹೊರಗೆ ಹಾಕಿ ಕದ ಮುಚ್ಚಿದ್ದಳು.

"ಅವಳಿಗೆ ಕೈ ತುಂಬ ಕೆಲಸ ಇದೆಯಪ್ಪ, ಕತೆಗೆ ಬರೋಕೆ ಪುರುಸೊತ್ತೆಲ್ಲಿ?" ಎಂದು ರೇಗಿದಳು. ಆದರೆ ಮಾತಿನ ಕೊನೆಯಲ್ಲಿ ಧ್ವನಿ ಒಡೆಯಿತು.

ಅಪ್ಪನ ಬಲಗಾಲು ನೆಲದ ಮೇಲೆ ನಿಧಾನವಾಗಿ, ಪೂರ್ತಿ, ಬ್ರೇಕ್ ಒತ್ತಿತು.

"ಬಸ್ಸು ನಿಲ್ಸಿದೀನಿ" ಎಂದ. "ಹ... ಹತ್ತಿಸ್ಕೋ ಅವಳನ್ನ."

ಸಂಜೆಯಾಗಲು ಇನ್ನೂ ಹೊತ್ತಿತ್ತು, ಹೊಲಿಯಬೇಕಿದ್ದ ಬಟ್ಟೆಯ ರಾಶಿ ಹಾಗೇ ಬಿದ್ದಿತ್ತು. ಅವಳು ಅದನ್ನು ಪಕ್ಕಕ್ಕೆ ತಳ್ಳಿ, ಪುಸ್ತಕವನ್ನು ಮುಟ್ಟದೆ, ಸ್ಟೂಲು ಎಳೆದುಕೊಂಡು ಅಪ್ಪನ ಎದುರಿಗೆ ಕೂತಳು.