ನೂರು ವರ್ಷದ ಸ್ಟೂಲು

ಹಳೇ ಕಚೇರಿ ಕಟ್ಟಡದ ನೂರು ವರ್ಷದ ಲಿಫ್ಟನ್ನು ಕಿತ್ತು, ಅದೇ ಜಾಗದಲ್ಲಿ ಗುಂಡಿ ಒತ್ತುವ ಹೊಸದನ್ನು ಕೂರಿಸುತ್ತಾರೆಂಬ ಸುದ್ದಿ ಬಂದಾಗ ಲಿಫ್ಟಿನವನಿಗೆ ಕಾಲ ಕೆಳಗಿನ ನೆಲ ಕುಸಿದಂತಾಯಿತು. ಇಪ್ಪತ್ತೆಂಟು ವರ್ಷ ಲಿಫ್ಟನ್ನು ಏರಿಸಿ ಇಳಿಸುವ ಹಿತ್ತಾಳೆ ಹಿಡಿಕೆ ತಿರುಗಿಸಿದ ಕೈ ಅವನದು. ಮನೆಯಲ್ಲಿ ಮಾತಾಡಲು ಗೋಡೆ ಬಿಟ್ಟರೆ ಯಾರೂ ಇಲ್ಲ. ದಿನದ ಮಾತೆಲ್ಲ ಮಹಡಿಯಿಂದ ಮಹಡಿಗೆ, ತುಂಡು ತುಂಡಾಗಿ ಆಗುತ್ತಿತ್ತು. ಅದರಲ್ಲಿ ಮೂರನೇ ಮಹಡಿಯ ಟೈಪಿಸ್ಟಕ್ಕನದೇ ದೊಡ್ಡ ಪಾಲು. ಹಲ್ಲುನೋವಿನ ಕತೆ ಅವಳು ಸೋಮವಾರ ಶುರುಮಾಡಿದರೆ, ಹಲ್ಲು ಕೀಳಿಸುವಷ್ಟರಲ್ಲಿ ಗುರುವಾರವಾಗುತ್ತಿತ್ತು.

ಅವನೇ ಮಹಡಿ ಮಹಡಿ ಅಲೆದು ಸಹಿ ಹಾಕಿಸಿ, ಲಿಫ್ಟನ್ನು ಪಾರಂಪರಿಕ ಸ್ಮಾರಕವೆಂದು ಘೋಷಿಸಬೇಕೆಂದು ಅರ್ಜಿ ಕೊಟ್ಟ. ನೋಡಲು ಬಂದ ಅಧಿಕಾರಿ ಜಾಲರಿ ಬಾಗಿಲು, ಕನ್ನಡಿ, ಹಿಡಿಕೆಗೆಲ್ಲ ಟಾರ್ಚ್ ಬಿಟ್ಟು, ಆಮೇಲೆ ಸೇರಿಸಿದ್ದು ಏನಾದರೂ ಇದೆಯೇ ಎಂದು ಕೇಳಿದರು. ಇದೆ ಅಂದರೆ ಅರ್ಜಿ ಬಿದ್ದೇಹೋದೀತೆಂದು ಅವನಿಗೆ ಭಯ.

"ಒಂದು ಮೊಳೆಯೂ ಇಲ್ಲ ಸ್ವಾಮಿ. ಈ ಸ್ಟೂಲು ಕೂಡ ಅವತ್ತಿನದೇ."

ಸ್ಟೂಲಿಗೆ ಆರು ವರ್ಷವಾಗಿತ್ತು. ಅವನ ಸೊಂಟ ಹಿಡಿದುಕೊಂಡಾಗ ಟೈಪಿಸ್ಟಕ್ಕ ತನ್ನ ಬಡಗಿ ಭಾವನ ಕೈಲಿ ಮಾಡಿಸಿ ಕೊಟ್ಟದ್ದು.

ಮೂರು ತಿಂಗಳಿಗೆ ಆದೇಶ ಬಂತು, ಲಿಫ್ಟು ಉಳಿಯಿತು. ಎಷ್ಟು ಚೆನ್ನಾಗಿ ಉಳಿಯಿತೆಂದರೆ, ಸವೆದುಹೋದೀತೆಂದು ಇನ್ನು ಯಾರೂ ಅದನ್ನು ಹತ್ತುವಂತಿಲ್ಲ, ಒಳಗಿನ ಒಂದು ಸಾಮಾನನ್ನೂ ಮುಟ್ಟುವಂತಿಲ್ಲ. ಬಾಗಿಲಿಗೆ ಕೆಂಪು ಹಗ್ಗ, ಪಕ್ಕಕ್ಕೆ ಫಲಕ, ಫಲಕದ ಪಕ್ಕ ಕಾವಲಿಗೆ ಅವನು, ಸ್ಮಾರಕದೆದುರು ಬೇರೆ ಕುರ್ಚಿ ಹಾಕುವಂತಿಲ್ಲವೆಂದು ನಿಂತುಕೊಂಡು. ಹೊಸ ಲಿಫ್ಟು ಹಿಂಬಾಗಿಲ ಕಡೆ ಬಂತು. ಜನರೂ ಆ ಕಡೆಯಿಂದಲೇ ಓಡಾಡತೊಡಗಿದರು. ಮೊದಲ ವಾರ ಎದುರಿಗೆ ಬಂದವರಲ್ಲಿ ದಾರಿ ತಪ್ಪಿದವರೇ ಹೆಚ್ಚು.

ಒಂದು ಮಧ್ಯಾಹ್ನ ಟೈಪಿಸ್ಟಕ್ಕ ಬಂದು ಫಲಕವನ್ನು ಕೊನೆಯವರೆಗೂ ಓದಿದಳು.

"ಸ್ಟೂಲಿಗೆ ನೂರು ವರ್ಷವಂತೆ. ನಮ್ಮ ಭಾವನಿಗೆ ಇನ್ನೂ ಐವತ್ತಾಗಿಲ್ಲವಲ್ಲಯ್ಯ."

ಅವನು ನಗಲು ನೋಡಿದ. ಸೊಂಟದಲ್ಲಿ ಚಳುಕು ಹೊಡೆಯಿತು. ಅವಳು ನಗು ನಿಲ್ಲಿಸಿ, ಇದ್ದದ್ದು ಹೇಳಿ ಸ್ಟೂಲನ್ನಾದರೂ ಈಚೆಗೆ ತಗೋ, ಹೀಗೆ ಎಷ್ಟು ದಿನ ನಿಲ್ತೀಯ ಅಂದಳು.

"ಸ್ಟೂಲು ಸುಳ್ಳು ಅಂದರೆ ಲಿಫ್ಟನ್ನೂ ನಂಬಲ್ಲ ಅಕ್ಕ. ಕಿತ್ತೇ ಬಿಡ್ತಾರೆ."

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಹಿಂದುಗಡೆ ಟಿಣ್ ಎಂದಿತು.

"ತಾಳು, ಲಿಫ್ಟು ಬಂತು," ಎಂದು ಓಡಿದಳು.

ಹಗ್ಗದಾಚೆ ಸ್ಟೂಲು ಖಾಲಿ ಕೂತಿತ್ತು. ಅವನ ಬಲಗೈ ಜೇಬಿನೊಳಗೇ ಮೆಲ್ಲಗೆ ತಿರುಗಿತು. ಒಂದನೇ ಮಹಡಿ ದಾಟಿತು, ಎರಡನೇದು ದಾಟಿತು. ಮೂರನೇದಕ್ಕೆ, ಅವಳಿಗೆ ಕುಲುಕದಂತೆ, ನಿಂತಿತು.