ಮರಹೊಟ್ಟಿನ ಹಾಸು

ಚಟ್ಟಕ್ಕೆ ಹಗ್ಗ ಸಾಲದೆ ಸುಮತಿ ಬಟ್ಟೆ ಒಣಹಾಕುವ ಹಗ್ಗವನ್ನೇ ಬಿಚ್ಚತೊಡಗಿದಳು. ಗಂಟು ಗಂಡ ಹಾಕಿದ್ದು, ಬಿಚ್ಚಿಬರಲಿಲ್ಲ. ಮೈದುನ ರಾಮಚಂದ್ರ ಈಳಿಗೆಮಣೆ ತಂದು ಕೊಯ್ದ.

"ಅತ್ತಿಗೆ, ನಾಲ್ಕು ಹೆಗಲು ಬೇಕಲ್ಲ? ಇರುವುದು ನಾನೊಬ್ಬ. ನಾನು ಕೆಲಸ ಮಾಡುವ ಹೋಟೆಲಿನವರೂ ಬರುವುದಿಲ್ಲ ಅಂದ್ರು."

ಗಂಡ ಭೀಮಸೇನ ಸತ್ತದ್ದು ಎದೆನೋವಿನಿಂದ. ಹಾಗೆಂದು ಡಾಕ್ಟರು ಬರೆದ ಚೀಟಿಯನ್ನು ಸುಮತಿ ಬಾಗಿಲಿಗೇ ಅಂಟಿಸಿದ್ದಳು. ಆದರೆ ಸೂರತ್ತಿನಲ್ಲಿ ಪ್ಲೇಗು ಎಂಬ ಸುದ್ದಿ ಬಂದು ನಾಲ್ಕು ದಿನವಾಗಿತ್ತು. ಅಲ್ಲಿಂದ ಮೂರು ಗಂಟೆ ದಾರಿಯ ಮಂಜಲ್‌ಪುರದ ಆ ವಸತಿ ಸೊಸೈಟಿಯಲ್ಲಿ ಕೂಸಿನ ಮೂಗಿಗೂ ಕರವಸ್ತ್ರ ಕಟ್ಟಿದ್ದರು. ಹತ್ತೊಂಬತ್ತು ವರ್ಷ ಸಂಶೋಧನಾಲಯದ ಇಲಿ ಸಾಕಿದವನ ಹೆಣವನ್ನು ಯಾರು ಮುಟ್ಟಿಯಾರು?

ಮಗಳು ದಿವ್ಯಾ ಮೆಟ್ಟಿಲಿಳಿದು ಬಂದಳು. "ಮಮ್ಮಿ, ಕೋಯಿ ನಥಿ ಆವತು. ಯಾರೂ ಬರ್ತಿಲ್ಲ. ಬೆಲ್ ಮಾಡಿದ್ರೆ ಟೀವಿ ಬಂದ್ ಮಾಡ್ತಾರೆ."

ಮೇಲಿನ ಕಿಟಕಿಯಿಂದ ಹೇಮಲತಾಬೆನ್ ಇಣುಕಿ, ಬಾಯಿಗೆ ಸೆರಗು ಒತ್ತಿಕೊಂಡೇ ಹಿಂದಿಯಲ್ಲಿ ಹೇಳಿದಳು: "ಬೇಜಾರಾಗಬೇಡ ಸುಮತಿಬೆನ್. ಇಲಿಗೆ ವೈರಸ್ ಹಾಕ್ತೇವೆ ಅಂತ ನಿನ್ನ ಗಂಡನೇ ಹೇಳಿದ್ದಲ್ಲವಾ?"

ಹೇಳಿದ್ದು ಹೌದು.

*

ಹಿಂದಿನ ನವರಾತ್ರಿಯಲ್ಲಿ, ಗರ್ಬಾ ಕುಣಿತ ನೋಡುತ್ತ ಕೂತವರ ನಡುವೆ ಹೇಳಿದ್ದ. ಮೂರನೇ ಕ್ಲಾಸು ದಾಟದವನಿಗೆ ಹೆಮ್ಮೆಪಡಲು ಇದ್ದದ್ದು ಅದೊಂದೇ.

ಮನೆಗೆ ಬಂದು ಹೆಂಡತಿಗೂ ಬಿಡಿಸಿ ಹೇಳಿದ. "ವೈರಸ್ ಅಂದ್ರೆ ಒಂದು ಗಾಡಿ ಮಾರಾಯ್ತಿ. ಅದರೊಳಗಿನ ವಿಷ ಇಳಿಸಿ, ಬೇರೆ ಯಾವುದೋ ಜೀವದ ಒಂದು ಗಂಟು ಹೇರುವುದು. ಗಾಡಿ ಇಲಿಯ ಭ್ರೂಣದೊಳಗೆ ಹೋಗಿ ಗಂಟು ಇಳಿಸ್ತದೆ. ಇಲಿ ಒಪ್ಪಿದ್ರೆ ಅದರ ಮಕ್ಕಳು ಮೊಮ್ಮಕ್ಕಳಿಗೂ ಅದು ಸಿಗ್ತದೆ."

"ಒಪ್ಪದಿದ್ರೆ?"

"ಒಪ್ಪುವುದೇ ಕಡಿಮೆ. ನೂರರವತ್ತು ಮರಿಗಳ ಬಾಲದ ತುದಿ ಕೊಯ್ದು ನೋಡಿದ್ವಿ. ಒಂದು ಒಪ್ಪಿಕೊಂಡಿದೆ. ಗುರುತಿಗೆ ಅದರ ಕಿವಿಗೆ ಎರಡು ಕಚ್ಚು ಹಾಕಿದ್ದು ನಾನೇ."

ಆ ಒಂದು ಮರಿಗೆಂದು ಅವನು ಭಾನುವಾರವೂ ಹೋಗುತ್ತಿದ್ದ. ಒಮ್ಮೆ ಸುಮತಿಯನ್ನೂ ಕರೆದೊಯ್ದು ಬಾಗಿಲ ಗಾಜಿನಾಚೆ ನಿಲ್ಲಿಸಿ, ಒಳಗಿನಿಂದ ತೋರಿಸಿದ್ದ. ಪಂಜರಕ್ಕೆ ಮರಹೊಟ್ಟು ಸುರಿದು, ಉಂಡೆ ಒಡೆದು, ಅಂಗೈಯಿಂದ ಎರಡು ಸಲ ಸವರಿ, ಕಡೆಗೆ ಮುಂಗೈ ಊರಿ ನೋಡುತ್ತಿದ್ದ. ಹೊಟ್ಟಿನ ತೇವ ಅಂಗೈಗೆ ತಿಳಿಯುವುದಿಲ್ಲವಂತೆ.

*

ಮಧ್ಯಾಹ್ನ ಎರಡು ಗಂಟೆಗೆ ಸಂಶೋಧನಾಲಯದ ವ್ಯಾನು ಬಂತು. ಡ್ರೈವರು ಪ್ಲೇಗಿಗೆ ಹೆದರಿ ಊರು ಬಿಟ್ಟಿದ್ದ. ಭೀಮಸೇನನ ಸಾಹೇಬರು ನಂಜುಂಡಯ್ಯನವರೇ ಓಡಿಸಿಕೊಂಡು ಬಂದಿದ್ದರು. ಅವರ ಕೈ ಔಷಧಿ ನಾರುತ್ತಿತ್ತು.

"ನಿನ್ನೆ ಸಂಜೆ ಆರ್ಡರ್ ಬಂತಮ್ಮ. ಇಲಿ ಅಂತ ಒಂದೂ ಇರಕೂಡದು ಅಂತ. ಭೀಮಸೇನ ಓದಿಸಿಕೊಂಡು ಕೇಳಿದ. ಸೈಕಲ್ ಹತ್ತಿ ಹೋದ."

"ಮನೆಗೆ ಬಂದವರು ಊಟ ಬೇಡ ಅಂದ್ರು. ರಾತ್ರಿಯೇ ಎದೆನೋವು ಬಂತು," ಎಂದಳು ಸುಮತಿ. "ಆ ಎರಡು ಕಚ್ಚಿನದ್ದು?"

"ಬೆಳಿಗ್ಗೆ, ನನ್ನ ಕೈಯಲ್ಲೇ."

ಹೆಗಲಿಲ್ಲದ ವಿಷಯ ತಿಳಿದು ನಂಜುಂಡಯ್ಯನವರು ಅಂಗಳದ ನಡುವೆ ನಿಂತು ಗುಜರಾತಿಯಲ್ಲಿ ಕೂಗಿದರು. ಪ್ಲೇಗು ಬೇರೆ, ವೈರಸ್ಸೇ ಬೇರೆ. ತಮ್ಮ ವೈರಸ್ಸು ಯಾರಿಗೂ ಹತ್ತುವುದಿಲ್ಲ. ಆ ವೈರಸ್ಸು ಅಂದರೆ... ಮಾತು ಮಾತಿಗೂ ಒಂದೊಂದು ಕಿಟಕಿ ಮುಚ್ಚಿತು. ಕಡೆಯದು ಹೇಮಲತಾಬೆನ್‌ಳದ್ದು.

"ಸಾಹೇಬ್ರೆ, ಸಾಕು ಮಾಡಿ," ಎಂದ ರಾಮಚಂದ್ರ. "ಆ ಶಬ್ದ ಒಂದು ಹೇಳಬೇಡಿ."

ಸುಮತಿ ಸೆರಗು ಬಿಗಿದಳು. ಮುಂದೆ ಗಂಡಸರಿಬ್ಬರು, ಹಿಂದೆ ತಾಯಿ ಮಗಳು, ಚಟ್ಟ ಎತ್ತಿದರು. ದಿವ್ಯಾ ಗಿಡ್ಡ, ಅಪ್ಪನ ಕಾಲು ಅವಳ ಕಡೆಗೆ ವಾಲಿತು. ವ್ಯಾನಿನ ಬಾಗಿಲು ತೆರೆದಿತ್ತು. ನೆಲದ ತುಂಬ ಮರಹೊಟ್ಟು ಚೆಲ್ಲಿತ್ತು.

ನಂಜುಂಡಯ್ಯನವರ ಮುಖ ಕಂದಿತು. "ಸತ್ತ ಇಲಿಗಳನ್ನೆಲ್ಲ ಹೊಟ್ಟಿನ ಸಮೇತ ಸುಡೋದಕ್ಕೆ ಇದರಲ್ಲೇ ಒಯ್ದದ್ದು. ತೊಳೆಯೋರು ಸಿಗಲಿಲ್ಲ. ತಡೀರಿ, ಗುಡಿಸ್ತೀನಿ."

"ಬೇಡ. ಕೆಳಗಿಡಿ ಒಂದು ಗಳಿಗೆ."

ಅವಳು ವ್ಯಾನು ಹತ್ತಿ ಮಂಡಿಯೂರಿದಳು. ಮೂಲೆಯ ಹೊಟ್ಟನ್ನೆಲ್ಲ ನಡುವಿಗೆ ಎಳೆದು, ಉಂಡೆ ಒಡೆದು, ಅಂಗೈಯಿಂದ ಎರಡು ಸಲ ಸವರಿದಳು. ಕಡೆಗೆ ಮುಂಗೈ ಊರಿ ನೋಡಿದಳು.

"ಒಣಗಿದೆ. ಮಲಗಿಸಿ," ಎಂದಳು.